ಸಾವನ್ನು ಮನಸ್ಸು ಒಪ್ಪಿಕೊಳ್ಳುವುದು ಹೇಗೆ?

ಸಾವಿನ ಮನೆಗೆ ಮಾತಾಡಿಸಲು ಹೋದವರ ಬಾಯಲ್ಲಿ ಬರುವ ಮಾತುಗಳು ಹೆಚ್ಚುಕಮ್ಮಿ ಒಂದೇ. "ನಮ್ಮ ಕೈಲಿ ಏನಿದೆ ಹೇಳಿ?" "ಋಣ ಅಷ್ಟೇ ಇತ್ತು." "ಹೋದೋರು ಹೋದರು, ಇರೋರು ಇರಬೇಕಲ್ಲ." ಯಾವುದೂ ಸುಳ್ಳಲ್ಲ. ಆದರೂ ಗಂಡ ಹೋಗಿ ಮೂರು ದಿನವಾದ ಹೆಂಗಸಿಗೆ ಅವು ಕಿವಿಗೆ ಬೀಳುತ್ತವೆ, ಒಳಗೆ ಇಳಿಯುವುದಿಲ್ಲ. ಆಮೇಲೆ ತಿಥಿ ಮುಗಿಯುತ್ತದೆ, ಶಾಮಿಯಾನ ಬಿಚ್ಚುತ್ತಾರೆ, ನೆಂಟರು ಬಸ್ ಹತ್ತುತ್ತಾರೆ. ಯಾರೋ ಒಳ್ಳೆಯ ಮನಸ್ಸಿನಿಂದಲೇ 'ದುಃಖದ ಐದು ಹಂತಗಳು' ಅಂತ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸುತ್ತಾರೆ. ಅದರಲ್ಲಿ ಕೊನೆಯ ಹಂತ 'ಒಪ್ಪಿಕೊಳ್ಳುವುದು'. ಓದಿದವರಿಗೆ ಇದ್ದ ಸಂಕಟದ ಮೇಲೆ ಹೊಸದೊಂದು ಚಿಂತೆ: ನಾನು ಇನ್ನೂ ಎರಡನೇ ಹಂತದಲ್ಲೇ ಇದ್ದೀನಾ? ನನ್ನಲ್ಲೇ ಏನೋ ಐಬಿದೆಯಾ?

ಈ ಬರಹ ಅಂಥವರಿಗೆ, ಅವರ ಜೊತೆ ಇರುವವರಿಗೆ. ಒಪ್ಪಿಕೊಳ್ಳುವುದು ಅಂದರೆ ನಿಜಕ್ಕೂ ಏನು, ಅದು ಮನಸ್ಸಿನಲ್ಲಿ ಹೇಗೆ ನಡೆಯುತ್ತದೆ, ಅದಕ್ಕೂ ಅನುಗ್ರಹ ಅಥವಾ ಕೃಪೆ ಅನ್ನುತ್ತೇವಲ್ಲ ಅದಕ್ಕೂ ಏನು ಸಂಬಂಧ, ಇಷ್ಟನ್ನು ಬುಡದಿಂದ ನೋಡೋಣ.

ಗೊತ್ತಿದ್ದರೂ ನಂಬಿಕೆ ಬರುವುದಿಲ್ಲ, ಯಾಕೆ?

ಹತ್ತಿರದವರು ತೀರಿಕೊಂಡ ವಿಷಯ ತಿಳಿಯಲು ಒಂದು ಫೋನ್ ಕರೆ ಸಾಕು. ಮೈಗೂ ಮನಸ್ಸಿಗೂ ಅದು ಗೊತ್ತಾಗಲು ತಿಂಗಳುಗಟ್ಟಲೆ ಬೇಕು. ಮನೆಯಲ್ಲಿ ಸ್ವಿಚ್ ಬೋರ್ಡನ್ನು ಬಾಗಿಲಿನ ಎಡಗಡೆಯಿಂದ ಬಲಗಡೆಗೆ ಬದಲಿಸಿದ್ದೀರಿ ಅಂದುಕೊಳ್ಳಿ. ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತು ಹೇಳಿ ಮಾಡಿಸಿದ್ದು ನೀವೇ. ಆದರೂ ಕತ್ತಲಲ್ಲಿ ಕೈ ಎಷ್ಟೋ ದಿನ ಎಡಗಡೆಗೇ ಹೋಗುತ್ತದೆ. ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಜೊತೆಯಲ್ಲಿ ಬದುಕಿದವರ ವಿಷಯದಲ್ಲೂ ಮಿದುಳು ಹೀಗೇ ಲೆಕ್ಕ ಇಟ್ಟುಕೊಂಡಿರುತ್ತದೆ. ಸಂಜೆ ಗೇಟಿನ ಚಿಲಕ ಸದ್ದಾದರೆ ಅಪ್ಪ. ಬೆಳಗ್ಗೆ ಒಗ್ಗರಣೆ ಚಟಪಟ ಅಂದರೆ ಅಮ್ಮ. ಇಪ್ಪತ್ತು ಮೂವತ್ತು ವರ್ಷ ದಿನಾ ಖಚಿತವಾಗಿದ್ದ ಈ ಲೆಕ್ಕವನ್ನು ಒಂದು ಮಧ್ಯಾಹ್ನ ಕೂತು ಅಳಿಸಿಹಾಕಲು ಆಗುವುದಿಲ್ಲ. ಪ್ರತಿ ಸಲ ಗೇಟು ಸದ್ದಾಗಿ ಅಪ್ಪ ಬಾರದೆ ಇದ್ದಾಗ ಅದು ಸ್ವಲ್ಪ ತಿದ್ದಿಕೊಳ್ಳುತ್ತದೆ. ಎರಡು ಲೋಟ ಕಾಫಿ ಬೆರೆಸಿ, ಒಂದನ್ನು ಕೈಯಲ್ಲಿ ಹಿಡಿದು ನಿಂತುಬಿಡುವುದು ಇದರಿಂದಲೇ. ಹುಚ್ಚು ಹಿಡಿಯುತ್ತಿದೆಯಾ ಅಂತ ಎಷ್ಟೋ ಜನ ಆಗ ಹೆದರುತ್ತಾರೆ. ಸತ್ತವರ ದನಿ ಕೇಳಿಸಿದಂತಾಗುವುದು, ಸಂತೆಯಲ್ಲಿ ಅವರೇ ಹೋದ ಹಾಗೆ ಕಾಣುವುದು, ಇವೂ ಮೊದಮೊದಲು ತುಂಬಾ ಜನರಿಗೆ ಆಗುತ್ತವೆ.

ಮೈಯೂ ಅಳುತ್ತದೆ. ನಿದ್ದೆ ಕೆಡುತ್ತದೆ, ಅನ್ನ ಸೇರುವುದಿಲ್ಲ, ಎದೆ ಹಿಡಿದಂತಾಗುತ್ತದೆ, ಗ್ಯಾಸ್ ಆಫ್ ಮಾಡಿದೆನಾ ಅಂತ ಮೂರು ಸಲ ನೋಡಿಬರುವಷ್ಟು ಮರೆವು. 2012ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಹತ್ತಿರದವರು ತೀರಿಕೊಂಡ ಮೊದಲ 24 ಗಂಟೆಯಲ್ಲಿ ಹೃದಯಾಘಾತದ ಅಪಾಯ ಮಾಮೂಲಿಗಿಂತ ಸುಮಾರು 21 ಪಟ್ಟು ಜಾಸ್ತಿ. ದಿನ ಕಳೆದಂತೆ ಅದು ಇಳಿಯುತ್ತದೆ. ಆಘಾತದಿಂದ ಹೃದಯದ ಒಂದು ಭಾಗ ತಾತ್ಕಾಲಿಕವಾಗಿ ಸುಸ್ತಾಗುವ 'ಟಾಕೊಟ್ಸುಬೊ' ಎಂಬ ತೊಂದರೆಯೂ ಇದೆ. ಜಪಾನಿನ ವೈದ್ಯರು ಇದನ್ನು 1990ರಲ್ಲಿ ಹೀಗೆ ಹೆಸರಿಸಿದರು. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಲಕ್ಷಣ ನೋಡಿದರೆ ಥೇಟ್ ಹೃದಯಾಘಾತವೇ, ಆದರೆ ಬಹಳಷ್ಟು ಜನ ಕೆಲವು ವಾರಗಳಲ್ಲಿ ಸರಿಹೋಗುತ್ತಾರೆ. ಎದೆನೋವು ಬಂದಾಗ "ಅಳು ಜಾಸ್ತಿಯಾಗಿ ಹೀಗಾಗಿದೆ" ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇನ್ನೊಂದು ಸಣ್ಣ ವಿಷಯ: ಹೆಣ ಎತ್ತುವವರೆಗೆ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ. ಈ ಗಡಿಬಿಡಿಯಲ್ಲಿ ವಯಸ್ಸಾದವರ ಬಿಪಿ, ಶುಗರ್ ಮಾತ್ರೆ ಮರೆತೇಹೋಗುತ್ತದೆ. ಯಾರಾದರೂ ಒಬ್ಬರು ಅದರ ಮೇಲೆ ಕಣ್ಣಿಟ್ಟಿರಬೇಕು.

ಆ ಐದು ಹಂತಗಳು ಎಲ್ಲಿಂದ ಬಂದವು?

ಎಲಿಸಬೆತ್ ಕೂಬ್ಲರ್-ರಾಸ್ ಅಂತ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಮನೋವೈದ್ಯೆ. ಅಮೆರಿಕದ ಶಿಕಾಗೊದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಆಗ ಸಾಯುತ್ತಿರುವ ರೋಗಿಗೆ ಸತ್ಯ ಹೇಳುವ ರೂಢಿಯೇ ಕಡಿಮೆ. (ನಮ್ಮಲ್ಲಿ ಈಗಲೂ "ಅವರಿಗೆ ಹೇಳಬೇಡಿ ಡಾಕ್ಟ್ರೇ" ಅನ್ನುವುದು ಮಾಮೂಲು.) ಈಕೆ ಹೋಗಿ ರೋಗಿಗಳ ಪಕ್ಕದಲ್ಲೇ ಕೂತು ಕೇಳಿದರು, ನಿಮಗೆ ಏನನ್ನಿಸುತ್ತಿದೆ ಅಂತ. ಕೇಳಿದ್ದನ್ನು 1969ರಲ್ಲಿ 'ಆನ್ ಡೆತ್ ಅಂಡ್ ಡೈಯಿಂಗ್' ಎಂಬ ಪುಸ್ತಕವಾಗಿ ಬರೆದರು. ಐದು ಹಂತ ಬಂದಿದ್ದು ಅಲ್ಲಿಂದ. ಮೊದಲು ನಿರಾಕರಣೆ: "ರಿಪೋರ್ಟು ಬೇರೆ ಯಾರದ್ದೋ ಇರಬೇಕು." ಆಮೇಲೆ ಸಿಟ್ಟು: "ನನಗೇ ಯಾಕೆ?" ಮೂರನೆಯದು ಚೌಕಾಸಿ. ನಮ್ಮ ಕಡೆ ಅದನ್ನು ಹರಕೆ ಅನ್ನಬಹುದು, ಮಗಳ ಮದುವೆ ನೋಡುವವರೆಗೆ ಉಳಿಸು ಮಂಜುನಾಥ, ಧರ್ಮಸ್ಥಳಕ್ಕೆ ನಡೆದೇ ಬರುತ್ತೇನೆ. ನಾಲ್ಕು ಖಿನ್ನತೆ, ಐದು ಒಪ್ಪಿಗೆ.

ಅಂದರೆ ಮೂಲದಲ್ಲಿ ಇದು ಸಾಯುತ್ತಿರುವವರ ಮನಸ್ಥಿತಿಯ ವಿವರಣೆ. ಅವರನ್ನು ಕಳೆದುಕೊಂಡು ಉಳಿದವರಿಗೂ ಇದೇ ಮೆಟ್ಟಿಲು ಅಂತ ಆಮೇಲೆ ಅನ್ವಯಿಸಲಾಯಿತು. ಕೂಬ್ಲರ್-ರಾಸ್ 2004ರಲ್ಲಿ ತೀರಿಕೊಂಡರು. ಡೇವಿಡ್ ಕೆಸ್ಲರ್ ಜೊತೆ ಅವರು ಬರೆದ ಕೊನೆಯ ಪುಸ್ತಕ 2005ರಲ್ಲಿ ಬಂತು. ಅದರಲ್ಲಿ ಅವರೇ ಹೇಳುತ್ತಾರೆ, ಎಲ್ಲರೂ ಈ ಎಲ್ಲ ಹಂತ ದಾಟುವುದಿಲ್ಲ, ದಾಟಿದರೂ ಇದೇ ಕ್ರಮದಲ್ಲಿ ಅಲ್ಲ ಅಂತ. ಆ ವಾಕ್ಯ ಮಾತ್ರ ಫಾರ್ವರ್ಡಿನಲ್ಲಿ ಬರುವುದಿಲ್ಲ. ಆದ್ದರಿಂದ ನೀವು ಯಾವ ಹಂತದಲ್ಲಿದ್ದೀರಿ ಎಂಬ ಲೆಕ್ಕ ಬಿಟ್ಟುಬಿಡಿ.

ಹಾಗಾದರೆ ಒಪ್ಪಿಕೊಳ್ಳುವುದು ಅಂದರೆ?

ಎರಡು ಬೇರೆ ವಿಷಯ ಇಲ್ಲಿ ಕಲಸಿಹೋಗಿವೆ. 'ಅವರು ಇನ್ನು ಬರುವುದಿಲ್ಲ' ಎಂಬುದನ್ನು ಒಪ್ಪುವುದು ಒಂದು. 'ಅವರು ಹೋಗಿದ್ದು ಸರಿ' ಅಂತ ಒಪ್ಪುವುದು ಇನ್ನೊಂದು. ಮೊದಲನೆಯದು ನಿಧಾನವಾಗಿ ಎಲ್ಲರಿಗೂ ಬೇಕಾಗುತ್ತದೆ. ಎರಡನೆಯದು ಯಾರಿಗೂ ಬೇಕಿಲ್ಲ. ಹತ್ತೊಂಬತ್ತು ವರ್ಷದ ಮಗ ಬೈಕಿನಿಂದ ಬಿದ್ದು ಹೋದರೆ ತಾಯಿ ಅದನ್ನು ಸರಿ ಅನ್ನಲೇಬೇಕಿಲ್ಲ, ಎಷ್ಟು ವರ್ಷವಾದರೂ. ಆದರೆ ಮಗನ ಕಾಲೇಜಿನ ಫೀಸ್ ಕಟ್ಟುವ ತಾರೀಕು ಬಂದಾಗ ಈಗ ಅದು ಬೇಡ ಅಂತ ತಿಳಿದು, ಅಳುತ್ತಲೇ, ಆವತ್ತಿನ ಅಡುಗೆಗೆ ಏನು ಅಂತ ಯೋಚಿಸುವುದು ಇದೆಯಲ್ಲ, ಒಪ್ಪಿಗೆ ಅಂದರೆ ಅದೇ. ಅದು ಒಮ್ಮೆ ಬಂದು ಉಳಿದುಬಿಡುವುದಿಲ್ಲ. ಸೋಮವಾರ ಬಂದದ್ದು ಬುಧವಾರ ಇರುವುದಿಲ್ಲ.

ಅದು ಎಲ್ಲಿ ಎದುರಾಗುತ್ತದೆ ಗೊತ್ತಾ? ಬಹಳ ಸಲ ಕಾಗದಪತ್ರದಲ್ಲಿ. ಸಾವಾದ 21 ದಿನದೊಳಗೆ ನೋಂದಣಿ ಆಗಬೇಕು. ಮರಣ ಪ್ರಮಾಣಪತ್ರದ ನಕಲು ಹಿಡಿದು ಬ್ಯಾಂಕಿಗೆ ಹೋಗಬೇಕು. ನಾಡಕಚೇರಿಯಲ್ಲಿ ವಂಶವೃಕ್ಷ, ಜಮೀನಿದ್ದರೆ ಪೌತಿ ಖಾತೆ, ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದು, ಪಿಂಚಣಿ. ಅರ್ಜಿಯಲ್ಲಿ 'ಗಂಡನ ಹೆಸರು' ಅಂತ ಇರುತ್ತದೆ. ಹೆಸರು ಬರೆಯುತ್ತೀರಿ. ಕೌಂಟರಿನಲ್ಲಿ ಕೂತವರು ತಲೆ ಎತ್ತದೆ, "ಹಿಂದೆ ಲೇಟ್ ಅಂತ ಸೇರಿಸಿ ಮೇಡಂ" ಅನ್ನುತ್ತಾರೆ. ಹೆಸರಿನ ಹಿಂದೆ ಜಾಗ ಇರುವುದಿಲ್ಲ. ಅಂಚಿನಲ್ಲಿ ಸಣ್ಣದಾಗಿ ಬರೆಯಬೇಕು. ಸ್ಮಶಾನದಲ್ಲಿ ಅಳದೆ ಇದ್ದವರು ಬ್ಯಾಂಕಿನ ಬೆಂಚಿನ ಮೇಲೆ ಕೂತು ಅಳುವುದು ಇಂಥ ಕಡೆಯೇ. ಆ ಕೆಲಸಕ್ಕೆ ಒಬ್ಬರನ್ನೇ ಕಳಿಸಬೇಡಿ.

ಮನಸ್ಸು ಹೀಗೆ ಅತ್ತ ಇತ್ತ ಓಡಾಡುವುದನ್ನು ನೆದರ್ಲೆಂಡ್ಸ್‌ನ ಮನಃಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ 1999ರಲ್ಲಿ ಒಂದು ಸಿದ್ಧಾಂತವಾಗಿ ಮುಂದಿಟ್ಟರು. ದುಃಖದಲ್ಲಿರುವವರು ಎರಡು ಕಡೆ ತಿರುಗುತ್ತಿರುತ್ತಾರೆ. ಒಂದು ಕಡೆ ಹೋದವರ ನೆನಪು, ಅಳು, ಫೋಟೊ, ಹಳೇ ಅಂಗಿಯ ವಾಸನೆ. ಇನ್ನೊಂದು ಕಡೆ ಗ್ಯಾಸ್ ಬುಕ್ ಮಾಡುವುದು, ಇಎಂಐ ಕಟ್ಟುವುದು, ಗಂಡ ಓಡಿಸುತ್ತಿದ್ದ ಸ್ಕೂಟರನ್ನು ತಾನು ಕಲಿಯುವುದು. ಎರಡೂ ಬೇಕು. ಬರೀ ಅಳುತ್ತಲೇ ಇದ್ದರೂ ಕಷ್ಟ, ಅಳಲು ಪುರುಸೊತ್ತೇ ಕೊಡದೆ ಕೆಲಸದಲ್ಲಿ ಮುಳುಗಿದರೂ ಕಷ್ಟ. ಮಧ್ಯಾಹ್ನ ಟೀವಿ ನೋಡಿ ನಕ್ಕು, ರಾತ್ರಿ ದಿಂಬು ಒದ್ದೆ ಮಾಡಿಕೊಂಡರೆ ಅದು ನಾಟಕವೂ ಅಲ್ಲ, ಕಲ್ಲುಮನಸ್ಸೂ ಅಲ್ಲ. "ಗಂಡ ಸತ್ತು ಎರಡು ತಿಂಗಳಾಗಿಲ್ಲ, ನಗ್ತಾಳೆ ನೋಡು" ಅನ್ನುವ ಮಾತು ನಮ್ಮ ಊರುಗಳಲ್ಲಿ ಇನ್ನೂ ಇದೆ. ಹಾಗೆ ಅನ್ನುವವರಿಗೆ ಈ ಪ್ಯಾರಾ ತೋರಿಸಿ.

ಒಪ್ಪಿಕೊಂಡವರು ಅಳುವುದಿಲ್ವಾ?

ದೇವರನ್ನು ನಂಬಿದವರು ಅಳಬಾರದು, ಅತ್ತರೆ ನಂಬಿಕೆ ಸಾಲದು ಎಂಬ ಒಂದು ಅಭಿಪ್ರಾಯ ಇದೆ. ಧರ್ಮಗಳನ್ನೇ ಕೇಳಿದರೆ ಉತ್ತರ ಬೇರೆ ಬರುತ್ತದೆ.

ಸಾವಿನ ಸುದ್ದಿ ಕೇಳಿದ ಮುಸ್ಲಿಮರು ಮೊದಲು ಹೇಳುವ ಮಾತು, ನಾವು ಅಲ್ಲಾಹನಿಗೆ ಸೇರಿದವರು, ಅವನ ಕಡೆಗೇ ಮರಳುವವರು ಎಂಬುದು. ಇದಕ್ಕಿಂತ ದೊಡ್ಡ ಒಪ್ಪಿಗೆ ಬೇಕೇ? ಆದರೆ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ ಮುಹಮ್ಮದರು ಅತ್ತರು ಅಂತ ಹದೀಸ್ ಹೇಳುತ್ತದೆ. ಕಣ್ಣು ನೀರು ಸುರಿಸುತ್ತದೆ, ಹೃದಯ ನೋಯುತ್ತದೆ, ಆದರೂ ದೇವರು ಮೆಚ್ಚದ ಮಾತನ್ನು ಆಡುವುದಿಲ್ಲ ಎಂಬುದು ಅವರು ಹೇಳಿದ್ದರ ಸಾರ. ಬೈಬಲ್ಲಿನಲ್ಲಿ ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ಕಣ್ಣೀರು ಹಾಕುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದವನೂ ಅತ್ತ! ಶರಣರು 'ಮರಣವೇ ಮಹಾನವಮಿ' ಅಂದರು. ಸಾವಿನ ಸೂತಕವನ್ನೂ ಒಪ್ಪಲಿಲ್ಲ. ಆದರೂ ಲಿಂಗಾಯತರ ಮನೆಗಳಲ್ಲಿ ವಿಭೂತಿ ಹಚ್ಚಿ ಕೂರಿಸಿದ ದೇಹದ ಸುತ್ತ ಭಜನೆಯೂ ಇರುತ್ತದೆ, ಹೆಂಗಸರ ಹಾಡಿಕೊಂಡು ಅಳುವ ಅಳುವೂ ಇರುತ್ತದೆ. ಹುಟ್ಟಿದವನಿಗೆ ಸಾವು ಖಚಿತ ಎಂದ ಗೀತೆಯ ಶ್ಲೋಕ ಗೊತ್ತಿರುವ ಮನೆಯಲ್ಲೇ, ಶಾಸ್ತ್ರ ಹತ್ತು ಹನ್ನೆರಡು ದಿನ ಶೋಕಕ್ಕೆ ಬಿಡುವು ಇಟ್ಟಿದೆ.

ಅಳು ಒಂದು ಕಡೆ, ಒಪ್ಪಿಗೆ ಒಂದು ಕಡೆ ಅಂತ ನಮ್ಮ ಹಿರಿಯರು ಯಾರೂ ಗೆರೆ ಎಳೆದಿರಲಿಲ್ಲ.

"ಇನ್ನೊಂದು ಗಂಟೆ ಮುಂಚೆ ಕರ್ಕೊಂಡು ಹೋಗಿದ್ದರೆ"

ಒಪ್ಪಿಕೊಳ್ಳಲು ಅಡ್ಡ ಬರುವುದರಲ್ಲಿ ದೊಡ್ಡದು ದುಃಖಕ್ಕಿಂತ ತಪ್ಪಿತಸ್ಥ ಭಾವ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಬಹಳ ಜನ ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳದೆ ವರ್ಷಗಟ್ಟಲೆ ಹೊತ್ತು ತಿರುಗುತ್ತಾರೆ.

ರಾತ್ರಿ ಹತ್ತು ಗಂಟೆಗೆ ಅಪ್ಪ ಎದೆ ಉರಿ ಅಂದರು. ಗ್ಯಾಸ್ಟ್ರಿಕ್ ಅಂದುಕೊಂಡು ಜೀರಿಗೆ ಕಷಾಯ ಕೊಟ್ಟು ಮಲಗಿಸಿದಿರಿ. ಬೆಳಗ್ಗೆ ಎದ್ದರೆ ಎಲ್ಲ ಮುಗಿದಿತ್ತು. ಆವತ್ತಿನಿಂದ ಆ ಕಷಾಯದ ಲೋಟ ಕಣ್ಣ ಮುಂದೆ ಬರುತ್ತದೆ. ಈಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ರಾತ್ರಿ ಹತ್ತು ಗಂಟೆಗೆ ನಿಮಗೆ ಗೊತ್ತಿದ್ದದ್ದೇನು? ಬೆಳಗ್ಗೆ ಗೊತ್ತಾದದ್ದನ್ನು ಬಿಟ್ಟು. ಮೊದಲು ಹತ್ತು ಸಲ ಎದೆ ಉರಿ ಬಂದಾಗಲೂ ಕಷಾಯದಲ್ಲೇ ಹೋಗಿತ್ತು, ಆಸ್ಪತ್ರೆಗೆ ಹೋಗೋಣ ಅಂದರೆ ಅಪ್ಪನೇ ಬೇಡ ಅಂದಿದ್ದರು. ಗೊತ್ತಿದ್ದದ್ದು ಅಷ್ಟೇ. ಫಲಿತಾಂಶ ತಿಳಿದ ಮೇಲೆ ಹಿಂದಿನದನ್ನು ನೋಡಿದರೆ, ಎಲ್ಲ ಸೂಚನೆಯೂ ಆಗಲೇ ಎದ್ದು ಕಾಣುತ್ತಿತ್ತು ಅನ್ನಿಸುತ್ತದೆ. ಮನಸ್ಸಿನ ಈ ಮೋಸವನ್ನು ಮನಃಶಾಸ್ತ್ರಜ್ಞರು 1970ರ ದಶಕದಿಂದಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಕ್ರಿಕೆಟ್ ಮ್ಯಾಚಿನ ಮಾರನೇ ದಿನ ಎಲ್ಲರೂ ಕ್ಯಾಪ್ಟನ್‌ಗೆ ಬುದ್ಧಿ ಹೇಳುವುದು ಇದರಿಂದಲೇ. ಆದರೆ ಇಲ್ಲಿ ನಾವು ಬುದ್ಧಿ ಹೇಳುತ್ತಿರುವುದು ನಮಗೇ, ಅದೂ ಪ್ರತಿ ರಾತ್ರಿ. ಸಾಧ್ಯವಾದರೆ ಒಂದು ಹಾಳೆ ತೆಗೆದುಕೊಂಡು ಆ ರಾತ್ರಿ ನಿಮಗೆ ಗೊತ್ತಿದ್ದದ್ದನ್ನಷ್ಟೇ ಗಂಟೆ ಪ್ರಕಾರ ಬರೆಯಿರಿ. ಮನಸ್ಸಿನಲ್ಲಿ ಸುತ್ತುವ ಕಥೆಗೂ ಹಾಳೆಯ ಮೇಲಿನ ಕಥೆಗೂ ಎಷ್ಟು ವ್ಯತ್ಯಾಸ ಇದೆ ಅಂತ ಕಾಣುತ್ತದೆ.

ಇನ್ನೊಂದು ಬಗೆಯ ತಪ್ಪಿತಸ್ಥ ಭಾವದ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. ಅತ್ತೆಗೆ ಪಾರ್ಶ್ವವಾಯು. ನಾಲ್ಕು ವರ್ಷ ಹಾಸಿಗೆ. ಡಯಾಪರ್ ಬದಲಿಸಿ, ಮಗ್ಗುಲು ಹೊರಳಿಸಿ, ಮಿಕ್ಸಿಯಲ್ಲಿ ಅರೆದ ಗಂಜಿ ಕುಡಿಸಿ, ಒಂದು ಮದುವೆಗೂ ಹೋಗದೆ ನೋಡಿಕೊಂಡ ಸೊಸೆ. ಅತ್ತೆ ಹೋದ ಬೆಳಗ್ಗೆ ಅವಳಿಗೆ ಮೊದಲು ಅನಿಸಿದ್ದು, ಅಬ್ಬಾ, ಇವತ್ತು ಮಲಗಬಹುದು. ಮರುಕ್ಷಣವೇ ನಾನೆಂಥಾ ಪಾಪಿ ಅನ್ನುವ ಯೋಚನೆ. ಉಸಿರಾಟ ಹಗುರಾಗುವುದು ಬಳಲಿದ ಮೈಯ ಉತ್ತರ. ಅತ್ತೆ ಸಾಯಲಿ ಅಂತ ಅವಳು ಬಯಸಿದ್ದಳು ಅಂತ ಅದರಿಂದ ಅರ್ಥವಾಗುವುದಿಲ್ಲ. ಸಮಾಧಾನವೂ ಸಂಕಟವೂ ಒಟ್ಟಿಗೇ ಇರಬಲ್ಲವು. ದೀರ್ಘ ಕಾಯಿಲೆಯವರನ್ನು ನೋಡಿಕೊಂಡವರಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಹಾಸ್ಪಿಸ್‌ಗಳಲ್ಲಿ, ಅಂದರೆ ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರಗಳಲ್ಲಿ, ಕೆಲಸ ಮಾಡುವವರು ಮನೆಯವರಿಗೆ ಮೊದಲೇ ಹೇಳಿರುತ್ತಾರೆ, ಹೀಗೆ ಅನ್ನಿಸಬಹುದು, ಗಾಬರಿಯಾಗಬೇಡಿ ಅಂತ.

ಕೊನೆಯ ಮಾತು ಜಗಳವಾಗಿದ್ದರೆ? ಅಣ್ಣನ ಜೊತೆ ಸೈಟಿನ ವಿಷಯಕ್ಕೆ ಮಾತು ಬಿಟ್ಟು ಎರಡು ವರ್ಷವಾಗಿತ್ತು, ಅಷ್ಟರಲ್ಲಿ ಅವನು ಹೋದ. ಇಲ್ಲಿ ಲೆಕ್ಕ ಹಾಕಿ ನಿರಪರಾಧಿ ಅಂತ ಸಾಬೀತು ಮಾಡಲು ಬರುವುದಿಲ್ಲ, ಏಕೆಂದರೆ ತಪ್ಪು ಸ್ವಲ್ಪ ಇರಬಹುದು. ಇಲ್ಲಿ ಬೇಕಾದದ್ದು ಕ್ಷಮೆ. ಕೊಡಬೇಕಾದವನು ಇಲ್ಲ. ಕೆಲವರು ಅವನಿಗೊಂದು ಕಾಗದ ಬರೆಯುತ್ತಾರೆ. ಕೆಲವರು ಅವನ ಮಗಳ ಕಾಲೇಜಿನ ಖರ್ಚು ವಹಿಸಿಕೊಳ್ಳುತ್ತಾರೆ. ಕೆಲವರು ಗುಡಿಯಲ್ಲೋ ಚರ್ಚಿನಲ್ಲೋ ಮಸೀದಿಯಲ್ಲೋ ಕೂತು ಹೇಳಿಕೊಳ್ಳುತ್ತಾರೆ.

ಅನುಗ್ರಹದ ಮಾತು ಬರುವುದು ಇಲ್ಲಿ

ದುಡಿದು ಗಳಿಸದೆ, ಕೇಳದೆ, ಅರ್ಹತೆ ನೋಡದೆ ಸಿಗುವ ಒಳಿತನ್ನು ಭಕ್ತಿ ಪರಂಪರೆಗಳು ಅನುಗ್ರಹ ಅಂದವು. ಕ್ರೈಸ್ತರು ಕೃಪೆ ಅಂದರು. ನಂಬಿಕೆ ಇದ್ದವರಿಗೆ ಅದು ದೇವರಿಂದ ಬರುವಂಥದ್ದು. ನಂಬಿಕೆ ಇಲ್ಲದವರಿಗೂ ಸಾವಿನ ಮನೆಯಲ್ಲಿ ಅದು ಕಣ್ಣಿಗೆ ಬೀಳುತ್ತದೆ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯವರು ಹೇಳದೆ ಕೇಳದೆ ಒಂದು ಪಾತ್ರೆ ಉಪ್ಪಿಟ್ಟು, ಫ್ಲಾಸ್ಕಿನಲ್ಲಿ ಕಾಫಿ ತಂದಿಡುತ್ತಾರೆ. ಜಗಳವಾಡಿ ಮಾತು ಬಿಟ್ಟಿದ್ದ ಎದುರು ಮನೆಯವರು ಕೂಡ ಬಂದು ಚಟ್ಟ ಕಟ್ಟಲು ಬಿದಿರು ಹಿಡಿಯುತ್ತಾರೆ. ಮುಸ್ಲಿಮರ ಮನೆಯಲ್ಲೂ ಹೀಗೇ, ಸತ್ತವರ ಮನೆಯವರಿಗೆ ಅಡುಗೆ ಮಾಡಿ ಕೊಡಿ ಎಂಬುದು ಪ್ರವಾದಿಯವರ ಮಾತು. ಅಪಾರ್ಟ್‌ಮೆಂಟುಗಳಲ್ಲಿ ಇದು ಸ್ವಲ್ಪ ಕಮ್ಮಿಯಾಗಿದೆ ನಿಜ. ಆದರೆ ಅಲ್ಲೂ ಯಾರೋ ಒಬ್ಬರು ಮಕ್ಕಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ ಹೋಂವರ್ಕ್ ಮಾಡಿಸಿರುತ್ತಾರೆ.

ಕೊಡುವುದು ಸುಲಭ. ತೆಗೆದುಕೊಳ್ಳುವುದು ಕಷ್ಟ. ಅದರಲ್ಲೂ ಮನೆ ನಡೆಸಿ ಅಭ್ಯಾಸವಾದವರಿಗೆ. "ಅಯ್ಯೋ ನಿಮಗ್ಯಾಕೆ ತೊಂದರೆ" ಅನ್ನುವ ಮಾತು ನಮ್ಮ ಬಾಯಲ್ಲಿ ಸದಾ ಸಿದ್ಧ. ಆ ಕೆಲವು ವಾರ ಆ ಮಾತನ್ನು ಪಕ್ಕಕ್ಕಿಟ್ಟು ಉಪ್ಪಿಟ್ಟು ತಿನ್ನಬಹುದು. ಪಾತ್ರೆ ವಾಪಸ್ ಕೊಡುವಾಗ ಖಾಲಿ ಕೊಡಬಾರದು ಎಂಬ ಲೆಕ್ಕವೂ ಆಗ ಬೇಡ.

ಇದೇ ಧಾರಾಳವನ್ನು ತನ್ನ ಮೇಲೆಯೇ ತೋರಿಸಿಕೊಳ್ಳುವ ಅಭ್ಯಾಸವನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ 2003ರಿಂದ ಅಧ್ಯಯನ ಮಾಡುತ್ತಿದ್ದಾರೆ. ಅವರು ಹೇಳುವುದು ಸರಳ. ಗೆಳತಿ ಇದೇ ಸ್ಥಿತಿಯಲ್ಲಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರೋ ಅದನ್ನೇ ನಿಮಗೆ ಹೇಳಿಕೊಳ್ಳಿ. ಗೆಳತಿಗೆ ಯಾರೂ "ನೀನೇ ಅಪ್ಪನನ್ನು ಕೊಂದೆ" ಅನ್ನುವುದಿಲ್ಲ ಅಲ್ವಾ?

ಮೂರನೇ ದಿನ, ಹನ್ನೊಂದನೇ ದಿನ, ವರ್ಷ

ದುಃಖ ಮುಗಿಯಬೇಕಾದರೆ ಸತ್ತವರ ಜೊತೆಗಿನ ನಂಟು ಕಡಿದುಕೊಳ್ಳಬೇಕು ಎಂಬುದು 20ನೇ ಶತಮಾನದ ಪಾಶ್ಚಾತ್ಯ ಮನೋವೈದ್ಯರಲ್ಲಿ ಬಹಳ ಕಾಲ ಇದ್ದ ನಂಬಿಕೆ. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಒಂದು ಪುಸ್ತಕ ತಂದು ಇದನ್ನು ಪ್ರಶ್ನಿಸಿದರು. ನಂಟು ಮುಗಿಯುವುದಿಲ್ಲ, ರೂಪ ಬದಲಿಸುತ್ತದೆ, ಅದರಲ್ಲಿ ಕಾಯಿಲೆ ಏನೂ ಇಲ್ಲ ಅಂದರು. ಮಹಾಲಯ ಅಮಾವಾಸ್ಯೆಗೆ ಅಜ್ಜನಿಗೆ ಇಷ್ಟವಾದ ವಡೆಯನ್ನೋ ಬಾಡೂಟವನ್ನೋ ಎಡೆ ಇಟ್ಟು, ಬೀಡಿ ಕಟ್ಟನ್ನೂ ಪಕ್ಕದಲ್ಲಿಡುವ ನಮಗೆ ಇದು ಹೊಸ ಸುದ್ದಿ ಅನ್ನಿಸುವುದಿಲ್ಲ.

ನಮ್ಮ ಪದ್ಧತಿಗಳಲ್ಲಿ ದಿನಗಳ ಲೆಕ್ಕ ಇದೆ. ಹಳೇ ಮೈಸೂರು ಕಡೆ ಮೂರನೇ ದಿನದ ಹಾಲು ತುಪ್ಪ, ಆಮೇಲೆ ಹನ್ನೊಂದನೇ ದಿನದ ತಿಥಿ. ಬ್ರಾಹ್ಮಣರಲ್ಲಿ ವೈಕುಂಠ ಸಮಾರಾಧನೆ, ತಿಂಗಳು ತಿಂಗಳಿಗೆ ಮಾಸಿಕ. ಲಿಂಗಾಯತರಲ್ಲಿ ಶಿವಗಣಾರಾಧನೆ. ತುಳುನಾಡಿನಲ್ಲಿ ಬೊಜ್ಜ. ಮುಸ್ಲಿಮರಲ್ಲಿ ಸಾಮಾನ್ಯ ಶೋಕ ಮೂರು ದಿನ, ಹೆಂಡತಿಗೆ ನಾಲ್ಕು ತಿಂಗಳು ಹತ್ತು ದಿನ. ಕ್ಯಾಥೊಲಿಕರು ನವೆಂಬರ್ 2ಕ್ಕೆ ಸಮಾಧಿ ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಮೊದಲು ಹತ್ತಿರ ಹತ್ತಿರ, ಬರಬರುತ್ತಾ ದೂರ ದೂರ. ಅಳಲು ಒಂದು ದಿನ ಗೊತ್ತುಮಾಡಿದಂತೆ, ಆ ದಿನಕ್ಕೆ ಜನರೂ ಬಂದು ಸೇರುತ್ತಾರೆ. ವರ್ಷಾಬ್ದಿಕ ಹತ್ತಿರ ಬಂದಾಗ ಕಾರಣವಿಲ್ಲದೆ ಸಿಡುಕು, ನಿದ್ದೆಗೇಡು ಮತ್ತೆ ಬರುವುದೂ ಸಹಜ.

ಎಲ್ಲ ಆಚರಣೆಯೂ ಸಮಾಧಾನ ಕೊಡುತ್ತದೆ ಅನ್ನಲಾಗದು. ಗಂಡ ಸತ್ತವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು ನೋವಿನ ಮೇಲೆ ಬರೆ ಎಳೆಯುವ ಕೆಲಸ. ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಇಂಥ ಆಚರಣೆ ಬೇಡ ಅಂತ ಠರಾವು ಮಾಡಿತು.

ಕೊನೆಯ ದರ್ಶನವೇ ಸಿಗದವರ ಕಷ್ಟ ಇನ್ನೂ ಬೇರೆ. ಕೋವಿಡ್ ಕಾಲದಲ್ಲಿ ಮುಖ ನೋಡದೆ, ಪಿಪಿಇ ಕಿಟ್ಟಿನವರ ಕೈಗೆ ಒಪ್ಪಿಸಿ ಬಂದವರು ಎಷ್ಟೋ ಮಂದಿ. ಯಾರೂ ಒಯ್ಯದೆ ಉಳಿದ ನೂರಾರು ಜನರ ಅಸ್ಥಿಯನ್ನು 2021ರ ಜೂನ್‌ನಲ್ಲಿ ಸರ್ಕಾರವೇ ಮಂಡ್ಯ ಜಿಲ್ಲೆಯ ಬೆಳಕವಾಡಿ ಬಳಿ ಕಾವೇರಿಯಲ್ಲಿ ಬಿಟ್ಟಿತು. ವಿದೇಶದಲ್ಲಿರುವ ಕನ್ನಡಿಗರಲ್ಲಿ ಅಮ್ಮನ ಚಿತೆಗೆ ಬೆಂಕಿ ಇಟ್ಟದ್ದನ್ನು ವಿಡಿಯೊ ಕಾಲ್‌ನಲ್ಲಿ ನೋಡಿದವರಿದ್ದಾರೆ. ನೋಡದೆ ಇದ್ದರೆ ಮನಸ್ಸು ನಂಬಲು ಹೆಚ್ಚು ಸಮಯ ಕೇಳುತ್ತದೆ. ಕಾಣೆಯಾದವರ ಮನೆಯವರ ಪಾಡು ಎಲ್ಲಕ್ಕಿಂತ ಕಷ್ಟ, ಅತ್ತರೆ ಸಾವು ಬಯಸಿದಂತೆ, ಕಾದರೆ ಬದುಕು ನಿಂತಂತೆ. ಅಮೆರಿಕದ ಪಾಲಿನ್ ಬಾಸ್ 1970ರ ದಶಕದಿಂದ ಇಂಥ ಕೊನೆಯಿಲ್ಲದ ನಷ್ಟವನ್ನೇ ಅಧ್ಯಯನ ಮಾಡಿದವರು. ಇಂಥ ಕಡೆ ಪೂರ್ತಿ ಒಪ್ಪಿಗೆ ನಿರೀಕ್ಷಿಸಬಾರದು ಅನ್ನುತ್ತಾರೆ. ತಡವಾಗಿಯಾದರೂ ನಾಲ್ಕು ಜನ ಸೇರಿ ಫೋಟೊ ಇಟ್ಟು ಅವರ ಬಗ್ಗೆ ಮಾತಾಡುವುದು ಉಪಯೋಗಕ್ಕೆ ಬರುತ್ತದೆ. ಮುಹೂರ್ತ ತಪ್ಪಿತು ಅಂದುಕೊಳ್ಳಬೇಕಿಲ್ಲ.

ಹೋದವರ ಹೆಸರಿನಲ್ಲಿ ಏನಾದರೂ ಮಾಡುವುದೂ ನಂಟು ಉಳಿಸಿಕೊಳ್ಳುವ ದಾರಿ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರನ್ನು ಒಮ್ಮೆಯೂ ಭೇಟಿಯಾಗದವರು ಮನೆಯವರು ಹೋದಂತೆ ಅತ್ತರು. ಅವರ ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಆಮೇಲೆ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಅಳು ಎಲ್ಲಿಗಾದರೂ ಹರಿಯಬೇಕಿತ್ತು, ಅಲ್ಲಿಗೆ ಹರಿಯಿತು.

ಮಾತಾಡಿಸಲು ಹೋದಾಗ

"ದೇವರಿಗೆ ಒಳ್ಳೆಯವರೇ ಬೇಕು", "ವಯಸ್ಸಾಗಿತ್ತು ಬಿಡಿ", "ಇನ್ನೊಂದು ಮಗು ಆಗುತ್ತೆ", "ನೀನೇ ಹೀಗಾದರೆ ಮಕ್ಕಳ ಗತಿ?" ಇವು ನಾಲ್ಕೂ ಬೇಡ. ಒಪ್ಪಿಗೆಯನ್ನು ಹೊರಗಿನಿಂದ ಹೇರಲು ಆಗುವುದಿಲ್ಲ, ಅದು ಅವರಲ್ಲೇ ಬರಬೇಕು. ಸುಮ್ನೆ ಪಕ್ಕದಲ್ಲಿ ಕೂತರೆ ಸಾಕು. ಹೋದವರ ಹೆಸರು ಹೇಳಿ, ಅವರ ಬಗ್ಗೆ ನಿಮಗೆ ಗೊತ್ತಿರುವ ಒಂದು ಸಂಗತಿ ಹೇಳಿ. "ಏನಾದರೂ ಬೇಕಾದರೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. "ಗುರುವಾರ ನಾಡಕಚೇರಿಗೆ ನಾನು ಬರ್ತೀನಿ" ಅಂದರೆ ಕೆಲಸವಾಗುತ್ತದೆ. ಹೊರಡುವಾಗ ಸಾವಿನ ಮನೆಯಲ್ಲಿ "ಹೋಗಿ ಬರ್ತೀನಿ" ಅನ್ನಬಾರದು ಎಂಬುದು ನಮ್ಮಲ್ಲಿ ರೂಢಿ. ಹೇಳದೆ ಹೊರಡಿ, ಆದರೆ ಎರಡನೇ ತಿಂಗಳು ಮತ್ತೆ ಹೋಗಿ. ಆಗ ಮನೆ ಖಾಲಿ ಇರುತ್ತದೆ.

ಮಕ್ಕಳಿಗೆ "ಅಜ್ಜಿ ಮಲಗಿದ್ದಾರೆ", "ಊರಿಗೆ ಹೋಗಿದ್ದಾರೆ" ಅನ್ನಬೇಡಿ. ಮಲಗಿದವರು ಏಳುವುದಿಲ್ಲ ಅಂದರೆ ಮಗು ಮಲಗಲು ಹೆದರುತ್ತದೆ. ಊರಿಗೆ ಹೋದವರು ಹೇಳದೆ ಹೋದರು ಅಂದರೆ ಮುನಿಸಿಕೊಳ್ಳುತ್ತದೆ. "ಅಜ್ಜಿ ಸತ್ತುಹೋದರು. ಮೈ ಕೆಲಸ ನಿಲ್ಲಿಸಿತು. ಇನ್ನು ಬರುವುದಿಲ್ಲ. ನಮಗೂ ಅಳು ಬರುತ್ತಿದೆ." ಐದು ವರ್ಷದ ಮಗುವಿಗೂ ಇದು ತಿಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಆಡಲಿಕ್ಕೆ ಓಡಿದರೆ ಬೈಯಬೇಡಿ. ಮಕ್ಕಳು ದುಃಖವನ್ನು ಗುಟುಕು ಗುಟುಕಾಗಿಯೇ ಕುಡಿಯುವುದು.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಬಹುತೇಕ ಜನರಿಗೆ ಔಷಧಿಯೂ ಬೇಡ, ಕೌನ್ಸೆಲಿಂಗೂ ಬೇಡ. ಸಮಯ, ಜನ, ನಿದ್ದೆ, ಕೆಲಸ ಇಷ್ಟರಲ್ಲೇ ಬದುಕು ಹಳಿಗೆ ಬರುತ್ತದೆ. ಆದರೆ ಹತ್ತರಲ್ಲಿ ಸುಮಾರು ಒಬ್ಬರಿಗೆ ಮೊದಲ ವಾರದ ತೀವ್ರತೆ ಹಾಗೇ ನಿಂತುಬಿಡುತ್ತದೆ. ದಿನವಿಡೀ ಅವರದೇ ಹಂಬಲ, ತನ್ನ ಒಂದು ಭಾಗವೇ ಸತ್ತಂತೆ, ಅವರ ಕೋಣೆಗೆ ಕಾಲಿಡಲು ಆಗದು ಅಥವಾ ಕೋಣೆ ಬಿಟ್ಟು ಬರಲು ಆಗದು, ಕೆಲಸಕ್ಕೆ ಹೋಗಲು ಆಗದು. ಇದನ್ನು 'ದೀರ್ಘಕಾಲದ ಶೋಕ' ಎಂಬ ಆರೋಗ್ಯ ಸಮಸ್ಯೆಯಾಗಿ ವೈದ್ಯರು ಈಗ ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಕನಿಷ್ಠ ಆರು ತಿಂಗಳು ಹೀಗೆ ಇರಬೇಕು, ಅದೂ ಆ ಸಮಾಜದ ರೂಢಿಗಿಂತ ಮೀರಿ. 2022ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ದೊಡ್ಡವರಿಗೆ ಒಂದು ವರ್ಷ ಅನ್ನುತ್ತದೆ. ಶೋಕವನ್ನೂ ಕಾಯಿಲೆ ಮಾಡಿಬಿಟ್ಟರಲ್ಲ ಅಂತ ಟೀಕಿಸಿದ ತಜ್ಞರೂ ಇದ್ದಾರೆ.

ಇದಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ. ನ್ಯೂಯಾರ್ಕಿನ ಮನೋವೈದ್ಯೆ ಕ್ಯಾಥರೀನ್ ಶಿಯರ್ ರೂಪಿಸಿದ ಕ್ರಮದಲ್ಲಿ 16 ಭೇಟಿ. ಸಾವಿನ ಸುದ್ದಿ ಬಂದ ಹೊತ್ತನ್ನು ರೋಗಿ ತನ್ನ ಬಾಯಲ್ಲೇ ಹೇಳುತ್ತಾರೆ, ತಪ್ಪಿಸಿಕೊಂಡು ತಿರುಗುತ್ತಿದ್ದ ಜಾಗಗಳಿಗೆ ಒಂದೊಂದಾಗಿ ಹೋಗುತ್ತಾರೆ, ಹೋದವರ ಜೊತೆ ಮನಸ್ಸಿನಲ್ಲೇ ಮಾತಾಡುತ್ತಾರೆ, ಜೊತೆಗೆ ಮುಂದಿನ ತಿಂಗಳು ತನಗೆ ಏನು ಬೇಕು ಅಂತಲೂ ಯೋಚಿಸುತ್ತಾರೆ. ಖಿನ್ನತೆಯೂ ಸೇರಿದ್ದರೆ ಮಾತ್ರೆ ಕೊಡುತ್ತಾರೆ.

ಒಂದು ವಿಷಯಕ್ಕೆ ಮಾತ್ರ ಆರು ತಿಂಗಳು ಕಾಯಬಾರದು. "ನಾನೂ ಅವರ ಹಿಂದೆಯೇ ಹೋಗಿಬಿಡಬೇಕು" ಎಂಬ ಯೋಚನೆ ಬಂದರೆ, ಅಥವಾ ಮನೆಯವರು ಹಾಗೆ ಅಂದರೆ, ಆವತ್ತೇ ಯಾರಿಗಾದರೂ ಹೇಳಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನಂಬರು 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರು ಬೇಕಾದರೆ ಹತ್ತಿರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಅಳುವವರು ತಾವೇ ಫೋನ್ ಮಾಡುವ ಸ್ಥಿತಿಯಲ್ಲಿಲ್ಲದಿದ್ದರೆ ಅವರ ಪರವಾಗಿ ನೀವೂ ಮಾಡಬಹುದು.